ಕತೆ ಎಲ್ಲಿ ಹೊಳೆಯುತ್ತದೆ, ಪಾತ್ರ ಎಲ್ಲಿಂದ ಎದ್ದು ಬರುತ್ತದೆ

1960ರ ದಶಕದ ನಡುವೆ, ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಯು.ಆರ್. ಅನಂತಮೂರ್ತಿ ಒಂದು ಸಿನಿಮಾ ನೋಡಿದರು. ಮೈಸೂರಿನಲ್ಲಿ ಇಂಗ್ಲಿಷ್ ಮೇಷ್ಟ್ರಾಗಿದ್ದವರು, ಪಿಎಚ್‌ಡಿ ಮಾಡಲು ಅಲ್ಲಿಗೆ ಹೋಗಿದ್ದರು. ಸಿನಿಮಾ ಸ್ವೀಡನ್ನಿನ ಇಂಗ್ಮಾರ್ ಬರ್ಗ್‌ಮನ್ ಅವರದ್ದು, 'ದಿ ಸೆವೆಂತ್ ಸೀಲ್'. ಪ್ಲೇಗ್ ಬಿದ್ದ ನಾಡಿನಲ್ಲಿ ಒಬ್ಬ ಯೋಧ ಸಾವಿನ ಎದುರು ಕೂತು ಚದುರಂಗ ಆಡುವ ಕತೆ ಅದು. ಪರದೆಯ ಮೇಲೆ ಇಂಗ್ಲಿಷ್ ಸಾಲುಗಳೂ ಬರುತ್ತಿರಲಿಲ್ಲ. ಮಾತು ಅರ್ಥವಾಗದೆ, ಬರೀ ಮುಖ, ಬೆಳಕು, ಭಯ ಇಷ್ಟನ್ನೇ ನೋಡುತ್ತಾ ಕೂತಿದ್ದರು.

ಸಿನಿಮಾ ಮುಗಿದ ಮೇಲೆ ತಮ್ಮ ಮೇಷ್ಟ್ರು, ಕಾದಂಬರಿಕಾರ ಮಾಲ್ಕಮ್ ಬ್ರ್ಯಾಡ್‌ಬರಿ ಜೊತೆ ಮಾತಾಡುತ್ತಾ ಅವರೊಂದು ವಿಷಯ ಹೇಳಿದರು. ಯುರೋಪಿನವರು ಮಧ್ಯಯುಗವನ್ನು ಪುಸ್ತಕ ಓದಿ ಕಲ್ಪಿಸಿಕೊಳ್ಳಬೇಕು, ನನಗೆ ಅದು ನಾನೇ ಬದುಕಿ ಬಂದ ಊರಿನ ನೆನಪು ಅನ್ನುವ ಅರ್ಥದ ಮಾತು. ಮುಂದೆ ಎಷ್ಟೋ ಸಲ ಅವರೇ ಇದನ್ನು ನೆನೆದಿದ್ದಾರೆ. ಆ ಮಾತಿನ ಬೆನ್ನಲ್ಲೇ ಹುಟ್ಟಿದ್ದು 'ಸಂಸ್ಕಾರ' ಕಾದಂಬರಿ. 1965ರಲ್ಲಿ ಅಚ್ಚಾಯಿತು.

ಈ ಕತೆ ಕೇಳಿದವರು ಸಾಮಾನ್ಯವಾಗಿ 'ಓಹೋ, ಸಿನಿಮಾದಿಂದ ಸ್ಫೂರ್ತಿ' ಅಂದುಬಿಡುತ್ತಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಆ ಸಿನಿಮಾವನ್ನು ಲಕ್ಷಾಂತರ ಜನ ನೋಡಿದ್ದಾರೆ. ಅವರಲ್ಲಿ ಯಾರಿಗೂ 'ಸಂಸ್ಕಾರ'ದ ದೂರ್ವಾಸಪುರದ ಅಗ್ರಹಾರ ಕಾಣಿಸಲಿಲ್ಲ. ನಾರಣಪ್ಪನ ಹೆಣ ಕೊಳೆಯುತ್ತಾ ಬಿದ್ದಿದ್ದು, ಅದನ್ನು ಸುಡುವವರು ಯಾರು ಅಂತ ಬ್ರಾಹ್ಮಣರು ಜಗಳಕ್ಕೆ ಬಿದ್ದಿದ್ದು, ಇಲಿಗಳು ಮನೆಯಿಂದ ಹೊರಗೆ ಬಂದು ಗಿರಗಿರ ತಿರುಗಿ ಸತ್ತಿದ್ದು, ಇದೆಲ್ಲ ಮಲೆನಾಡಿನ ಒಬ್ಬ ಹುಡುಗನ ತಲೆಯಲ್ಲಿ ಆಗಲೇ ಇತ್ತು. ಅಗ್ರಹಾರದಲ್ಲಿ ಬೆಳೆದು, ಪ್ಲೇಗಿನ ಭಯ ಹತ್ತಿರದಿಂದ ಕಂಡವನ ನೆನಪು ಅದು. ಸಿನಿಮಾ ಬಂದು ಅದಕ್ಕೆ ಕಡ್ಡಿ ಗೀರಿತು, ಅಷ್ಟೆ. ಕಟ್ಟಿಗೆ ಒಣಗಿ ಎಷ್ಟೋ ವರ್ಷ ಆಗಿತ್ತು.

ನಾನು ಈ ಬರಹದಲ್ಲಿ ಹೇಳಬೇಕು ಅಂದುಕೊಂಡಿರುವುದು ಇದನ್ನೇ. ಕತೆ ಒಂದು ವಸ್ತುವಿನಿಂದ ಹುಟ್ಟುವುದು ಕಡಿಮೆ. ಎರಡು ಬೇಕು. ಒಂದು, ನಮ್ಮೊಳಗೆ ತುಂಬಾ ದಿನದಿಂದ ಸುಮ್ನೆ ಕೂತಿರುವುದು. ಇನ್ನೊಂದು, ಹೊರಗಿನಿಂದ ಈಗ ಬಂದು ಅದಕ್ಕೆ ತಾಗುವುದು. ಮೊದಲನೆಯದು ಮಾತ್ರ ಇದ್ದರೆ ಅದು ನೆನಪಾಗಿಯೇ ಉಳಿಯುತ್ತದೆ. ಎರಡನೆಯದು ಮಾತ್ರ ಇದ್ದರೆ ಒಳ್ಳೆಯ ಐಡಿಯಾ ಅನ್ನಿಸಿ ನಾಲ್ಕು ದಿನಕ್ಕೆ ಆರಿಹೋಗುತ್ತದೆ.

ನಮ್ಮ ಭಾಷೆಗೆ ಇದು ಗೊತ್ತಿದೆ ಅಂತ ನನ್ನ ನಂಬಿಕೆ. ಕತೆಯ ಜೊತೆ ನಾವು ಎಂಥ ಕ್ರಿಯಾಪದ ಬಳಸುತ್ತೇವೆ ನೋಡಿ. ಕತೆ 'ಹುಟ್ಟಿತು' ಅಂತೀವಿ. ಕತೆ 'ಹೊಳೆಯಿತು' ಅಂತೀವಿ. ಆಮೇಲೆ ಕತೆ 'ಕಟ್ಟಿದ' ಅಂತೀವಿ. ಹುಟ್ಟುವುದಕ್ಕೆ ಹೊಟ್ಟೆಯಲ್ಲಿ ಇರಬೇಕು. ಹೊಳೆಯುವುದಕ್ಕೆ ಎಲ್ಲಿಂದಲೋ ಬೆಳಕು ಬೀಳಬೇಕು. ಕಟ್ಟುವುದಕ್ಕೆ ಕೈಕೆಲಸ ಬೇಕು. ಈ ಮೂರೂ ಬೇರೆ ಬೇರೆ ಹಂತ. ಬರೆಯುವವರನ್ನು ಸಿಕ್ಕಾಗ ನಾವು ಕೇಳುವುದು ಮಾತ್ರ ನಡುವಿನದ್ದನ್ನು: 'ಇದು ಹೇಗೆ ಹೊಳೀತು?' ಅವರೂ ಆ ಒಂದು ಕ್ಷಣದ ಕತೆ ಹೇಳುತ್ತಾರೆ. ಅದರ ಹಿಂದಿನ ಇಪ್ಪತ್ತು ವರ್ಷ ಮಾತಿಗೆ ಸಿಗುವುದಿಲ್ಲ.

ಆ ಇಪ್ಪತ್ತು ವರ್ಷ ಸಾಮಾನ್ಯವಾಗಿ ಎಲ್ಲಿ ಕಳೆದಿರುತ್ತದೆ? ಮನೆಯಲ್ಲಿ. ಎಂ.ಕೆ. ಇಂದಿರಾ ಅವರನ್ನೇ ತೆಗೆದುಕೊಳ್ಳಿ. ತೀರ್ಥಹಳ್ಳಿ ಕಡೆಯವರು, ಹುಟ್ಟಿದ್ದು 1917ರಲ್ಲಿ. ಶಾಲೆಗೆ ಹೋಗಿದ್ದು ಕೆಲವೇ ವರ್ಷ. ಮೊದಲ ಕಾದಂಬರಿ 'ತುಂಗಭದ್ರಾ' ಬಂದಾಗ 1963, ವಯಸ್ಸು ನಲವತ್ತೈದು ದಾಟಿತ್ತು. ಅವರ 'ಫಣಿಯಮ್ಮ' ಬಂದದ್ದು 1976ರಲ್ಲಿ. ಅದರ ನಾಯಕಿ ಅವರ ಬಂಧುಬಳಗದಲ್ಲೇ ಇದ್ದ ಒಬ್ಬ ಹಿರಿಯ ಹೆಂಗಸು. ಚಿಕ್ಕ ಹುಡುಗಿಯಾಗಿದ್ದಾಗಲೇ ಗಂಡ ಸತ್ತು, ತಲೆ ಬೋಳಿಸಿಕೊಂಡು, ಒಂದು ದೊಡ್ಡ ಸಂಸಾರದ ಮೂಲೆಯಲ್ಲಿ ನೂರು ವರ್ಷಕ್ಕೂ ಮೀರಿ ಬದುಕಿದವರು. ಆಕೆಯ ಬದುಕನ್ನು ಇಂದಿರಾ ತಾಯಿಯ ಬಾಯಿಂದ ಕೇಳಿದ್ದರು.

ಸ್ವಲ್ಪ ಯೋಚನೆ ಮಾಡಿ. ಆ ಕಾಲದಲ್ಲಿ ಅಂಥ ಅಜ್ಜಿ ಎಷ್ಟು ಮನೆಗಳಲ್ಲಿ ಇದ್ದಿರಬಹುದು! ಎಲ್ಲರೂ ನೋಡಿದ್ದರು, ಯಾರೂ ಬರೆಯಲಿಲ್ಲ. ಕೆಂಪು ಸೀರೆ ಉಟ್ಟು ಹಿತ್ತಿಲಲ್ಲಿ ಓಡಾಡುವ ಮುದುಕಿ ಒಂದು ಕಾದಂಬರಿಗೆ ನಾಯಕಿಯಾಗಬಹುದು ಅಂತ ಕಾಣಿಸಬೇಕಾದರೆ, ನೋಡುವವರ ಒಳಗೆ ಏನೋ ಬದಲಾಗಿರಬೇಕು. 1976ರ ಹೊತ್ತಿಗೆ ಹೆಣ್ಣುಮಕ್ಕಳ ಓದು, ಕೆಲಸ, ಮದುವೆ, ಎಲ್ಲದರ ಬಗ್ಗೆ ಹೊಸ ಮಾತು ಶುರುವಾಗಿತ್ತು. ಆ ಹೊಸ ಬೆಳಕಲ್ಲಿ ಹಳೆಯ ಅಜ್ಜಿ ಹೊಳೆದರು. ಕಾದಂಬರಿಯಲ್ಲಿ ದಾಕ್ಷಾಯಿಣಿ ಅನ್ನುವ ಹುಡುಗಿ ಗಂಡ ಸತ್ತ ಮೇಲೆ ತಲೆ ಬೋಳಿಸಿಕೊಳ್ಳುವುದಿಲ್ಲ ಅಂತ ಹಟ ಹಿಡಿಯುತ್ತಾಳೆ, ಫಣಿಯಮ್ಮ ಅವಳ ಪರ ನಿಲ್ಲುತ್ತಾರೆ. ನನಗೆ ಆ ಜಾಗದಲ್ಲಿ ಎರಡೂ ಕಾಲ ಒಟ್ಟಿಗೆ ಕಾಣಿಸುತ್ತದೆ.

ಮನೆಯಿಂದ ಬಂದ ಕತೆ ಹೇಗೆ ಕತೆಯಾಗುತ್ತದೆ ಅಂತ ನಿಜವಾಗಿ ಕಲಿಯಬೇಕು ಅನ್ನುವವರಿಗೆ ಎಸ್.ಎಲ್. ಭೈರಪ್ಪನವರ ಎರಡು ಪುಸ್ತಕ ಪಕ್ಕಪಕ್ಕ ಇಟ್ಟು ಓದಿ ಅಂತ ಹೇಳುತ್ತೇನೆ. ಒಂದು 'ಗೃಹಭಂಗ', 1970ರ ಕಾದಂಬರಿ. ಇನ್ನೊಂದು 'ಭಿತ್ತಿ', 1996ರ ಆತ್ಮಕತೆ. ಅದೇ ಹಾಸನ ಜಿಲ್ಲೆಯ ಬಡತನ, ಅದೇ ಪ್ಲೇಗು, ಅದೇ ತಾಯಿ. ಕಾದಂಬರಿಯಲ್ಲಿ ಆಕೆ ನಂಜಮ್ಮ. ಕೈಲಾಗದ ಗಂಡನ ಬದಲು ತಾನೇ ಶಾನುಭೋಗಿಕೆಯ ಲೆಕ್ಕ ಬರೆದು, ಬಾಯಿ ಕೆಟ್ಟ ಅತ್ತೆಯನ್ನು ತಡೆದುಕೊಂಡು, ಮಕ್ಕಳನ್ನು ಸಾಕುವ ಹೆಂಗಸು. ಆತ್ಮಕತೆಯಲ್ಲಿ ಮಗ ಮಾತಾಡುತ್ತಾನೆ, 'ನನಗೆ ಹೀಗಾಯಿತು' ಅನ್ನುತ್ತಾನೆ. ಕಾದಂಬರಿಯಲ್ಲಿ ಆ 'ನಾನು' ಹಿಂದಕ್ಕೆ ಸರಿಯುತ್ತದೆ, ನಂಜಮ್ಮ ಮುಂದೆ ಬರುತ್ತಾಳೆ. ತನ್ನ ನೋವನ್ನು ಪಕ್ಕಕ್ಕಿಟ್ಟು ಅಮ್ಮನ ದಿನ ಹೇಗಿತ್ತು ಅಂತ ಕೇಳಿಕೊಂಡಾಗ ಮಾತ್ರ ಇಂಥದ್ದು ಬರೆಯೋಕೆ ಆಗುತ್ತದೆ. ಮನೆಯ ಕತೆ ಬರೆಯಲು ಹೊರಟ ಹೊಸಬರು ಜಾಸ್ತಿ ಎಡವುವುದು ಇಲ್ಲೇ. ನೋವು ನಮ್ಮದು, ಅದಕ್ಕೇ ಅದರ ನಡುವೆ ನಾವೇ ನಿಂತುಕೊಂಡಿರುತ್ತೇವೆ. ಪಕ್ಕದಲ್ಲಿದ್ದವರು ಕಾಣಿಸುವುದೇ ಇಲ್ಲ.

ಮನೆ ಬಿಟ್ಟರೆ ಕೆಲಸ. ಇದರ ಬಗ್ಗೆ ಯಾಕೋ ನಾವು ಕಡಿಮೆ ಮಾತಾಡುತ್ತೇವೆ. 'ಕೆಲಸದ ಗಲಾಟೆಯಲ್ಲಿ ಬರೆಯೋಕೆ ಆಗಲ್ಲ' ಅನ್ನುವವರೇ ಜಾಸ್ತಿ. ಆದರೆ ಕೆಲಸವೇ ಕತೆ ತಂದು ಕೊಟ್ಟ ಉದಾಹರಣೆ ನಮ್ಮಲ್ಲಿ ಬೇಕಾದಷ್ಟಿವೆ. ಬಾನು ಮುಷ್ತಾಕ್ ಹಾಸನದಲ್ಲಿ ವಕೀಲರು, ಪತ್ರಕರ್ತೆಯಾಗಿಯೂ ದುಡಿದವರು. ಗಂಡ ಬಿಟ್ಟುಹೋದ ಹೆಂಗಸು, ಜೀವನಾಂಶಕ್ಕೆ ಅಲೆಯುವ ತಾಯಿ, ಮಸೀದಿಯ ಆಡಳಿತ ನೋಡಿಕೊಳ್ಳುವ ಮುತವಲ್ಲಿಯ ಮುಂದೆ ನ್ಯಾಯ ಕೇಳುವವಳು, ಇಂಥವರು ಬಂದು ಕೂತು ಮಾತಾಡುವ ಜಾಗ ವಕೀಲರ ಆಫೀಸು. ಅವರ 'ಕರಿ ನಾಗರಗಳು' ಅಂಥ ಲೋಕದ ಕತೆ, ಅದನ್ನೇ ಗಿರೀಶ್ ಕಾಸರವಳ್ಳಿ 'ಹಸೀನಾ' ಸಿನಿಮಾ ಮಾಡಿದರು. ಮೂರು ದಶಕದಲ್ಲಿ ಬರೆದ ಅವರ ಕತೆಗಳಿಂದ ಆರಿಸಿದ ಹನ್ನೆರಡು, ದೀಪಾ ಭಾಸ್ತಿ ಅನುವಾದದಲ್ಲಿ 'ಹಾರ್ಟ್ ಲ್ಯಾಂಪ್' ಆಗಿ 2025ರ ಇಂಟರ್‌ನ್ಯಾಷನಲ್ ಬೂಕರ್ ಗೆದ್ದವು. ಸಣ್ಣ ಕತೆಗಳ ಪುಸ್ತಕವೊಂದಕ್ಕೆ ಆ ಬಹುಮಾನ ಬಂದಿದ್ದು ಅದೇ ಮೊದಲು. ಹಾಸನದ ಹೆಣ್ಣುಮಕ್ಕಳ ಮಾತು ಲಂಡನ್ನಿಗೆ ಹೋದದ್ದು ನೆನೆದರೆ ಈಗಲೂ ನನಗೆ ಮೈ ಜುಮ್ಮೆನ್ನುತ್ತದೆ.

ವಕೀಲರ ಕೆಲಸ ಬಿಡಿ, ಕಲಿತ ಓದು ಕೂಡ ಹೀಗೆ ದಾರಿ ತೋರಿಸುತ್ತದೆ. ತ್ರಿವೇಣಿ ಮೈಸೂರಿನಲ್ಲಿ ಮನಃಶಾಸ್ತ್ರ ಓದಿದವರು. ಬಾಣಂತಿತನದ ನಂತರ ಮನಸ್ಸು ಕೆಟ್ಟ ಹೆಂಗಸನ್ನು ಅವರ ಕಾಲದ ಜನ 'ಹುಚ್ಚಿ' ಅಂತ ಒಂದೇ ಪದದಲ್ಲಿ ಮುಗಿಸುತ್ತಿದ್ದರು. ತ್ರಿವೇಣಿ ಹಾಗೆ ಮುಗಿಸಲಿಲ್ಲ, 'ಶರಪಂಜರ' ಬರೆದರು. ಕಾವೇರಿ ಆಸ್ಪತ್ರೆಯಿಂದ ಗುಣವಾಗಿ ಮನೆಗೆ ಬರುತ್ತಾಳೆ, ಆದರೆ ಮನೆಯವರ ಕಣ್ಣು, ಬೀದಿಯವರ ಕಣ್ಣು ಅವಳನ್ನು ಗುಣವಾದವಳು ಅಂತ ನೋಡುವುದೇ ಇಲ್ಲ. ಇಲ್ಲಿ ಪುಸ್ತಕದ ತಿಳಿವಳಿಕೆ ಮತ್ತು ನೆರೆಹೊರೆಯ ಹೆಂಗಸರ ಬದುಕು ಒಂದಕ್ಕೊಂದು ತಾಗಿದವು. 1963ರಲ್ಲಿ ಅವರು ತೀರಿಹೋದಾಗ ಇನ್ನೂ ಮೂವತ್ತೈದು ತುಂಬಿರದ ವಯಸ್ಸು. ಅಷ್ಟರಲ್ಲೇ ಎಷ್ಟು ಬರೆದಿದ್ದರು ಅಂತ ಆಶ್ಚರ್ಯವಾಗುತ್ತದೆ.

ಯಶವಂತ ಚಿತ್ತಾಲರದ್ದು ಇನ್ನೊಂದು ತರಹ. ಅವರು ಪ್ಲಾಸ್ಟಿಕ್, ಪಾಲಿಮರ್ ಕ್ಷೇತ್ರದ ರಸಾಯನ ವಿಜ್ಞಾನಿ, ಬದುಕಿನ ಬಹುಪಾಲು ಕಳೆದದ್ದು ಮುಂಬೈಯಲ್ಲಿ. ದೊಡ್ಡ ಕಂಪನಿಯ ಒಳಗಿನ ಪಿತೂರಿ, ತನಿಖೆ, ಹೆದರಿಕೆ ಎಲ್ಲ 'ಶಿಕಾರಿ'ಯಲ್ಲಿ ಬಂತು, 1979ರಲ್ಲಿ. ಅದೇ ಮನುಷ್ಯ ಮತ್ತೆ ಮತ್ತೆ ಬರೆದ ಇನ್ನೊಂದು ಊರು ಹನೇಹಳ್ಳಿ, ಉತ್ತರ ಕನ್ನಡದ ಅವರ ಹುಟ್ಟೂರು. ಮುಂಬೈಯ ಫ್ಲ್ಯಾಟಿನಲ್ಲಿ ಕೂತಾಗ ಹನೇಹಳ್ಳಿಯ ಒಂದೊಂದು ಗದ್ದೆ ಬದುವೂ ಅವರಿಗೆ ಅಷ್ಟು ಸ್ಪಷ್ಟವಾಗಿ ಕಾಣುತ್ತಿತ್ತು. ಅನಂತಮೂರ್ತಿಯವರಿಗೂ ಅಗ್ರಹಾರ ಕಂಡದ್ದು ಬರ್ಮಿಂಗ್‌ಹ್ಯಾಮಿನಿಂದ. ದೂರ ಹೋದಾಗ ಊರು ಚಿಕ್ಕದಾಗಿ ಕಾಣುತ್ತದೆ, ಆದರೆ ಪೂರ್ತಿಯಾಗಿ ಕಾಣುತ್ತದೆ. ಬೆಂಗಳೂರು, ಪುಣೆ, ದುಬೈ, ಅಮೆರಿಕದಲ್ಲಿ ಕೂತು ಕನ್ನಡದಲ್ಲಿ ಬರೆಯುತ್ತಿರುವ ಎಷ್ಟೋ ಜನರಿಗೆ ಈ ಅನುಭವ ಆಗಿರುತ್ತದೆ, ಅಲ್ವಾ?

ಆದರೆ ದೂರ ಹೋಗಲೇಬೇಕು ಅಂತ ನಿಯಮವೇನಿಲ್ಲ. ಪೂರ್ಣಚಂದ್ರ ತೇಜಸ್ವಿ ಇದಕ್ಕೆ ಪೂರಾ ಉಲ್ಟಾ. ಮೈಸೂರಿನಲ್ಲಿ ಎಂ.ಎ. ಮುಗಿಸಿ, ಎಲ್ಲರ ಹಾಗೆ ಲೆಕ್ಚರರ್ ಕೆಲಸ ಹಿಡಿಯದೆ, ಮೂಡಿಗೆರೆಯ ಕಡೆ ಕಾಫಿ ತೋಟಕ್ಕೆ ಹೋದರು. ಕೊನೆಯವರೆಗೂ ಅಲ್ಲೇ ಇದ್ದರು. 1980ರಲ್ಲಿ ಬಂದ 'ಕರ್ವಾಲೊ' ಓದಿದವರಿಗೆ ಶುರು ನೆನಪಿರುತ್ತದೆ. ಒಬ್ಬ ಕಾಫಿ ಬೆಳೆಗಾರ ಮೂಡಿಗೆರೆಯ ಜೇನು ಸೊಸೈಟಿಗೆ ಜೇನುತುಪ್ಪ ತರಲು ಹೋಗುತ್ತಾನೆ. ಇಷ್ಟು ಸಣ್ಣ ಕೆಲಸದಿಂದ ಕತೆ ಹೊರಡುತ್ತದೆ. ಜೇನಿನಿಂದ ಮಂದಣ್ಣ, ಮಂದಣ್ಣನಿಂದ ಕರ್ವಾಲೊ, ಕರ್ವಾಲೊರಿಂದ ಹಾರುವ ಓತಿ, ಓತಿಯ ಹಿಂದೆ ಹೋದರೆ ಭೂಮಿಯ ಮೇಲೆ ಜೀವ ವಿಕಾಸವಾದ ಕೋಟ್ಯಂತರ ವರ್ಷಗಳ ಹಾದಿ. ಹಾರುವ ಓತಿ ಕಟ್ಟುಕತೆಯಲ್ಲ, ಪಶ್ಚಿಮ ಘಟ್ಟದಲ್ಲಿ ನಿಜವಾಗಿ ಇದೆ. ಪಕ್ಕೆಲುಬಿನ ಚರ್ಮ ಬಿಚ್ಚಿಕೊಂಡು ಮರದಿಂದ ಮರಕ್ಕೆ ತೇಲುತ್ತದೆ.

ತೇಜಸ್ವಿಯವರಿಂದ ನಾನು ಕಲಿತದ್ದು ಮಂದಣ್ಣನ ವಿಷಯದಲ್ಲಿ. ಊರಿನವರ ಕಣ್ಣಿಗೆ ಅವನೊಬ್ಬ ಕೆಲಸಕ್ಕೆ ಬಾರದ ಹುಡುಗ. ಕರ್ವಾಲೊ ಅನ್ನುವ ವಿಜ್ಞಾನಿಯ ಕಣ್ಣಿಗೆ ಹುಟ್ಟಾ ಪ್ರಕೃತಿ ಶಾಸ್ತ್ರಜ್ಞ. ಮನುಷ್ಯ ಒಬ್ಬನೇ, ನೋಡುವ ಕಣ್ಣು ಎರಡು. ಪಾತ್ರ ಅನ್ನುವುದು ಹುಟ್ಟುವುದು ಆ ಎರಡು ನೋಟಗಳ ನಡುವಿನ ಜಾಗದಲ್ಲಿ. ನಿಮ್ಮ ಬೀದಿಯಲ್ಲೂ ಎಲ್ಲರೂ ಒಂದೇ ಮಾತಿನಲ್ಲಿ ತೀರ್ಮಾನ ಮಾಡಿಬಿಟ್ಟ ಒಬ್ಬರು ಇದ್ದೇ ಇರುತ್ತಾರೆ. 'ಜಿಪುಣ', 'ಜಗಳಗಂಟಿ', 'ಪಾಪದವನು' ಅಂತ. ಆ ತೀರ್ಮಾನವನ್ನು ಒಪ್ಪದ ಇನ್ನೊಬ್ಬರು ಯಾರಿರಬಹುದು ಅಂತ ಹುಡುಕಿದರೆ, ಕತೆ ಅಲ್ಲಿಂದಲೇ ಶುರುವಾಗಬಹುದು.

ಕೆಲವು ಬರಹಗಾರರಿಗೆ ಮೊದಲು ಬರುವುದು ಮುಖವಲ್ಲ, ಮಾತು. ವೈದೇಹಿಯವರ ಹೆಂಗಸರು ಕುಂದಾಪುರದ ಕನ್ನಡ ಆಡುತ್ತಾರೆ. 'ಅಕ್ಕು' ಕತೆಯ ಅಕ್ಕುವನ್ನು ಮನೆಯವರೆಲ್ಲ ತಲೆ ಸರಿಯಿಲ್ಲದವಳು ಅಂದುಕೊಂಡಿದ್ದಾರೆ, ಆದರೆ ಮನೆಯ ಸತ್ಯವೆಲ್ಲ ಅವಳ ಬಾಯಲ್ಲೇ ಹೊರಗೆ ಬರುತ್ತದೆ. ಅವಳ ಮಾತನ್ನು ಪುಸ್ತಕದ ಕನ್ನಡಕ್ಕೆ ತಿದ್ದಿ ನೋಡಿ, ಅಕ್ಕು ಅಲ್ಲೇ ಸತ್ತುಹೋಗುತ್ತಾಳೆ. ದೇವನೂರ ಮಹಾದೇವರ 'ಕುಸುಮಬಾಲೆ' 1984ರಲ್ಲಿ ಬಂದಾಗ ಅದರ ನಂಜನಗೂಡು ಸೀಮೆಯ ಮಾತು ಎಷ್ಟೋ ಕನ್ನಡಿಗರಿಗೇ ಕಷ್ಟವಾಯಿತು. ಆಮೇಲೆ ವಿದ್ವಾಂಸ ಎಲ್. ಬಸವರಾಜು ಅದನ್ನು ಪದ್ಯದ ಸಾಲುಗಳ ಹಾಗೆ ಒಡೆದು ಜೋಡಿಸಿಕೊಟ್ಟರು, ಗದ್ಯದೊಳಗಿದ್ದ ಹಾಡು ಕಣ್ಣಿಗೂ ಕಂಡಿತು. ದಲಿತ ಕೇರಿಯ ಹಟ್ಟಿಯಲ್ಲಿ, ಜಗುಲಿಯಲ್ಲಿ, ಕಾವ್ಯ ಮೊದಲೇ ಇತ್ತು. ಅದನ್ನು ಕೇಳಿಸಿಕೊಂಡ ಕಿವಿ ದೇವನೂರರದ್ದು.

ಅದೇ ಕಾದಂಬರಿಯಲ್ಲಿ ಜೋತಮ್ಮಗಳು ಬರುತ್ತವೆ. ರಾತ್ರಿ ದೀಪ ಆರಿಸಿದ ಮೇಲೆ ಮನೆ ಮನೆಯ ಜ್ಯೋತಿಗಳು ಒಂದು ಕಡೆ ಸೇರಿ ಸುಖದುಃಖ ಮಾತಾಡುತ್ತವೆ ಅನ್ನುವುದು ನಮ್ಮ ಜನಪದರ ನಂಬಿಕೆ. ಈ ನಂಬಿಕೆ ಇರುವ ಒಂದು ಅಜ್ಜಿ ಕತೆಯನ್ನು ಕವಿ, ಜಾನಪದ ವಿದ್ವಾಂಸ ಎ.ಕೆ. ರಾಮಾನುಜನ್ ಕೂಡ ಸಂಗ್ರಹಿಸಿದ್ದಾರೆ. ಕತೆಗಳು ಎಲ್ಲಿಂದ ಬರುತ್ತವೆ ಅನ್ನುವ ಪ್ರಶ್ನೆಗೆ ಇದಕ್ಕಿಂತ ಚೆಂದದ ಉತ್ತರ ನಾನು ಕೇಳಿಲ್ಲ. ಅದಕ್ಕೇ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಒಬ್ಬ ಹೆಂಗಸಿಗೆ ಒಂದು ಕತೆ, ಒಂದು ಹಾಡು ಗೊತ್ತಿತ್ತಂತೆ. ಆದರೆ ಅವಳು ಯಾರಿಗೂ ಹೇಳಿದವಳಲ್ಲ. ಒಳಗೇ ಇದ್ದು ಇದ್ದು ಕತೆಗೂ ಹಾಡಿಗೂ ಉಸಿರು ಕಟ್ಟಿತು. ಒಂದು ದಿನ ಅವಳು ಬಾಯಿ ತೆರೆದು ಮಲಗಿದ್ದಾಗ ಎರಡೂ ಹೊರಗೆ ಹಾರಿದವು. ಕತೆ ಒಂದು ಜೊತೆ ಚಪ್ಪಲಿಯಾಗಿ ಬಾಗಿಲ ಹತ್ತಿರ ಕೂತಿತು. ಹಾಡು ಗಂಡಸಿನ ಕೋಟಾಗಿ ಗೂಟಕ್ಕೆ ನೇತುಬಿತ್ತು. ಗಂಡ ಬಂದು ನೋಡಿ 'ಯಾರು ಬಂದಿದ್ದಾರೆ?' ಅಂದ. ಅವಳಿಗೆ ಗೊತ್ತಿಲ್ಲ. ಜಗಳವಾಯಿತು. ಅವನು ಕಂಬಳಿ ಎತ್ತಿಕೊಂಡು ಹನುಮಂತರಾಯನ ಗುಡಿಗೆ ಮಲಗಲು ಹೋದ. ರಾತ್ರಿ ಊರಿನ ದೀಪಗಳೆಲ್ಲ ಆ ಗುಡಿಗೆ ಬಂದು ಹರಟೆ ಶುರುಮಾಡಿದವು. ಒಂದು ದೀಪ ಮಾತ್ರ ತಡವಾಗಿ ಬಂತು. ಯಾಕೆ ಅಂತ ಕೇಳಿದರೆ, ನಮ್ಮ ಮನೆಯಲ್ಲಿ ಗಂಡ ಹೆಂಡತಿ ಜಗಳ, ದೀಪ ಆರಿಸೋಕೆ ಹೊತ್ತಾಯಿತು ಅಂತ ನಡೆದದ್ದೆಲ್ಲ ಹೇಳಿತು. ಗಂಡ ಕೇಳಿಸಿಕೊಂಡ. ಬೆಳಗ್ಗೆ ಮನೆಗೆ ಬಂದು ಹೆಂಡತಿಯನ್ನು ಆ ಕತೆ, ಆ ಹಾಡಿನ ಬಗ್ಗೆ ಕೇಳಿದ. ಅವಳು, 'ಯಾವ ಕತೆ? ಯಾವ ಹಾಡು?' ಅಂದಳು. ಅಷ್ಟರಲ್ಲಿ ಅವಳಿಗೆ ಮರೆತೇಹೋಗಿತ್ತು.

ಗಿರೀಶ್ ಕಾರ್ನಾಡರ 'ನಾಗಮಂಡಲ' ನಾಟಕ ಶುರುವಾಗುವುದು ಇಂಥದ್ದೇ ಗುಡಿಯಲ್ಲಿ, ಇಂಥದ್ದೇ ದೀಪಗಳ ನಡುವೆ. ನಾಟಕಕ್ಕೆ ಬೇಕಾದ ಜನಪದ ಕತೆಗಳನ್ನು ಅವರಿಗೆ ಹೇಳಿದವರು ರಾಮಾನುಜನ್ನರೇ. ಇನ್ನೂ ಹಿಂದೆ ಹೋದರೆ, ಕಾರ್ನಾಡರ ಮೊದಲ ನಾಟಕ 'ಯಯಾತಿ' ಬಂದದ್ದು ಮಹಾಭಾರತದಿಂದ. ಆದರೆ ಬರೀ ಮಹಾಭಾರತದಿಂದ ಅಲ್ಲ. ಆಗ ಅವರು ಓದಲು ಆಕ್ಸ್‌ಫರ್ಡಿಗೆ ಹೊರಟಿದ್ದ ಹುಡುಗ. ಮನೆಯವರಿಗೆ ಆತಂಕ, ಮಗ ವಾಪಸ್ ಬರುತ್ತಾನೋ ಇಲ್ಲವೋ ಅಂತ. ಆ ಹೊತ್ತಿನಲ್ಲಿ ಮನಸ್ಸಿಗೆ ಬಂದದ್ದು, ಅಪ್ಪನಿಗೋಸ್ಕರ ತನ್ನ ಯೌವನವನ್ನೇ ಕೊಡುವ ಮಗನ ಕತೆ. ಸಾವಿರಾರು ವರ್ಷದಿಂದ ಎಲ್ಲರಿಗೂ ಗೊತ್ತಿದ್ದ ಕತೆ ಆ ವಾರಗಳಲ್ಲಿ ಒಬ್ಬ ಹುಡುಗನ ಸ್ವಂತ ಕತೆಯಾಯಿತು. ಪುರಾಣದಿಂದ ತೆಗೆದುಕೊಂಡು ಬರೆದದ್ದು ಕೆಲವು ಸಲ ಪ್ರವಚನದ ಹಾಗೆ ಯಾಕಾಗುತ್ತದೆ ಅಂತ ಇದರಿಂದ ನನಗೆ ಅರ್ಥವಾಯಿತು. ಕತೆ ಇದೆ, ಬರೆಯುವವರ ಬದುಕು ಅದಕ್ಕೆ ಎಲ್ಲೂ ತಾಗಿರುವುದಿಲ್ಲ.

ಇತಿಹಾಸದ ವಿಷಯವೂ ಹೆಚ್ಚುಕಡಿಮೆ ಹೀಗೇ. ಕೊಡಗಿನ ಕೊನೆಯ ರಾಜನನ್ನು ಬ್ರಿಟಿಷರು 1834ರಲ್ಲಿ ಇಳಿಸಿದರು ಅನ್ನುವುದು ದಾಖಲೆ. ಆಮೇಲೆ ಅವನು ಮಗಳು ಗೌರಮ್ಮನನ್ನು ಕರೆದುಕೊಂಡು ಇಂಗ್ಲೆಂಡಿಗೆ ಹೋದದ್ದು, ವಿಕ್ಟೋರಿಯಾ ರಾಣಿಯ ಆಸರೆಯಲ್ಲಿ ಅವಳು ಕ್ರೈಸ್ತಳಾದದ್ದು, ಅವನು ಲಂಡನ್ನಿನಲ್ಲೇ ಸತ್ತದ್ದು, ಎಲ್ಲ ದಾಖಲೆ. ಮಾಸ್ತಿಯವರು 1956ರ 'ಚಿಕವೀರ ರಾಜೇಂದ್ರ'ದಲ್ಲಿ ದಾಖಲೆ ಸುಮ್ಮನಿರುವ ಕಡೆ ಕೈ ಹಾಕಿದರು. ಅರಮನೆಯ ಒಳಗೆ ರಾಣಿಗೆ ಏನನ್ನಿಸುತ್ತಿತ್ತು? ರಾಜನ ನೆರಳಿನ ಹಾಗಿದ್ದ ಕುಂಟ ಬಸವ ಯಾಕೆ ಹಾಗಿದ್ದ? ಮೈಸೂರು ಸರ್ಕಾರದಲ್ಲಿ ದೊಡ್ಡ ಅಧಿಕಾರಿಯಾಗಿದ್ದವರು ಮಾಸ್ತಿ. ಆಡಳಿತ ಕೆಡುವುದು ಹೇಗೆ, ಒಳ್ಳೆಯ ಮಂತ್ರಿಯ ಮಾತು ಕೇಳದೆ ಹೋದರೆ ಏನಾಗುತ್ತದೆ ಅನ್ನುವುದು ಅವರಿಗೆ ಓದಿ ಗೊತ್ತಿದ್ದದ್ದಲ್ಲ, ಕಚೇರಿಯಲ್ಲಿ ಕೂತು ಗೊತ್ತಿದ್ದದ್ದು.

ಈಗ ಎಲ್ಲರೂ ಕೇಳುವ ಇನ್ನೊಂದು ಪ್ರಶ್ನೆ. ನಿಜವಾದ ಮನುಷ್ಯರನ್ನು ಹಾಗೇ ಎತ್ತಿ ಕತೆಯಲ್ಲಿ ಇಡುತ್ತಾರಾ? ಇಟ್ಟರೆ ಸಾಮಾನ್ಯವಾಗಿ ಪಾತ್ರ ಎದ್ದು ನಿಲ್ಲುವುದಿಲ್ಲ. ನಮಗೆ ಗೊತ್ತಿರುವ ಮನುಷ್ಯನಿಗೆ ನೂರು ಮುಖ, ನೂರು ಆಸೆ. ಕತೆಯೊಳಗೆ ಅಷ್ಟು ಜಾಗ ಇರುವುದಿಲ್ಲ. ಶಿವರಾಮ ಕಾರಂತರು ದಕ್ಷಿಣ ಕನ್ನಡದ ಹಳ್ಳಿಗಳಲ್ಲಿ ತಿರುಗಾಡಿ ಭೂಮಿಯಿಲ್ಲದ ಎಷ್ಟೋ ದಲಿತ ಆಳುಗಳನ್ನು ಕಂಡಿದ್ದರು. 1933ರ 'ಚೋಮನ ದುಡಿ'ಯಲ್ಲಿ ಅವರೆಲ್ಲ ಸೇರಿ ಒಬ್ಬ ಚೋಮನಾದರು. ಚೋಮನಿಗೆ ಕಾರಂತರು ಕೊಟ್ಟದ್ದು ಒಂದೇ ಒಂದು ಆಸೆ: ತನ್ನದೇ ತುಂಡು ನೆಲ ಉಳಬೇಕು. ಕಾಡಿನಲ್ಲಿ ಸಿಕ್ಕು ಅವನು ಸಾಕಿದ ಜೋಡಿ ಎತ್ತು ಹಟ್ಟಿಯಲ್ಲಿ ನಿಂತಿವೆ, ಉಳಲು ನೆಲ ಇಲ್ಲ. ಆಮೇಲೆ ಕೈಗೆ ಒಂದು ದುಡಿ ಕೊಟ್ಟರು. ಸಿಟ್ಟು ಬಂದರೂ, ಸಂಕಟವಾದರೂ, ಸಂತೋಷವಾದರೂ ಅವನು ಅದನ್ನೇ ಬಾರಿಸುತ್ತಾನೆ. ಒಂದು ಆಸೆ, ಅದಕ್ಕೊಂದು ಅಡ್ಡಿ, ಕೈಯಲ್ಲಿ ಒಂದು ವಸ್ತು. ಇಷ್ಟರಲ್ಲಿ ಚೋಮ ತೊಂಬತ್ತು ವರ್ಷ ದಾಟಿ ನಮ್ಮ ಜೊತೆ ಬಂದಿದ್ದಾನೆ.

ಹೀಗೆ ಹಲವರನ್ನು ಬೆರೆಸುವುದರಲ್ಲಿ ಒಂದು ಮರ್ಯಾದೆಯೂ ಇದೆ. ನಂಬಿ ಹೇಳಿಕೊಂಡವರ ಬದುಕನ್ನು ಗುರುತು ಸಿಗುವ ಹಾಗೆ ಬೀದಿಗೆ ಇಡಬಾರದು. ಊರು ಬದಲಿಸಬಹುದು, ವಯಸ್ಸು ಬದಲಿಸಬಹುದು, ಅಣ್ಣನನ್ನು ತಂಗಿ ಮಾಡಬಹುದು. ಬದಲಿಸಿದ ಮೇಲೂ ನೋವು ಹಾಗೇ ಉಳಿದರೆ, ಕತೆಗೆ ಬೇಕಾಗಿದ್ದದ್ದು ಆ ನೋವು ಮಾತ್ರ ಅಂತ ನಮಗೇ ಗೊತ್ತಾಗುತ್ತದೆ.

ನಾನೂ ಆಗಾಗ ಸಣ್ಣ ಕತೆ ಬರೆಯುತ್ತೇನೆ. ಹೊಳೆದದ್ದು ಹೇಗೆ ಅಂತ ನನಗೆ ಪೂರ್ತಿ ನೆನಪಿರುವ ಕತೆ ಒಂದೇ ಒಂದು. ನಮ್ಮ ಅಜ್ಜಿ ಒಂದು ದೊಡ್ಡ ಕಬ್ಬಿಣದ ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೇ ಇರುತ್ತಿದ್ದರು. ಊರಿನ ಮನೆ ಮಾರಿ, ಪೇಟೆಯಲ್ಲಿ ನಮ್ಮ ಜೊತೆ ಬಂದಿದ್ದ ಮೇಲೂ ತೆಗೆಯಲಿಲ್ಲ. ಸ್ನಾನಕ್ಕೆ ಹೋಗುವಾಗ ಬಿಚ್ಚಿ ಕಿಟಕಿಯ ಮೇಲೆ ಇಡುತ್ತಿದ್ದರು, ಬಂದು ಮತ್ತೆ ಸಿಕ್ಕಿಸಿಕೊಳ್ಳುತ್ತಿದ್ದರು. ಇದನ್ನು ಬರೆಯಬೇಕು ಅಂತ ಹದಿನೈದು ವರ್ಷ ಅಂದುಕೊಂಡೆ. ನಾಲ್ಕು ಸಲ ಶುರುಮಾಡಿದೆ. ಪ್ರತಿ ಸಲವೂ 'ಪಾಪ ಅಜ್ಜಿ' ಅನ್ನುವಲ್ಲಿಗೆ ಬಂದು ನಿಂತುಹೋಗುತ್ತಿತ್ತು. ಅದು ನೆನಪು ಮಾತ್ರ ಆಗಿತ್ತು.

ಆಮೇಲೆ ಒಂದು ಸಂಜೆ, ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲಿ ಎಂಟು ಒಂಬತ್ತು ವರ್ಷದ ಹುಡುಗ ಸ್ಕೂಲಿನಿಂದ ಬಂದ. ಕೊರಳಲ್ಲಿ ಐಡಿ ಕಾರ್ಡಿನ ದಾರಕ್ಕೆ ಮನೆಯ ಬೀಗದ ಕೈ ನೇತಾಡುತ್ತಿತ್ತು. ಅಪ್ಪ ಅಮ್ಮ ಇಬ್ಬರೂ ಕೆಲಸಕ್ಕೆ ಹೋಗುವವರು ಅಂತ ಕಾಣುತ್ತದೆ. ಲಿಫ್ಟ್ ಮೇಲೆ ಹೋಗುವಷ್ಟು ಹೊತ್ತೂ ಅವನು ಅದನ್ನು ಮುಷ್ಟಿಯಲ್ಲಿ ಹಿಡಿದೇ ಇದ್ದ. ಮನೆ ಇಲ್ಲದ ಒಂದು ಬೀಗದ ಕೈ, ಮನೆಯಲ್ಲಿ ಯಾರೂ ಇಲ್ಲದ ಇನ್ನೊಂದು ಬೀಗದ ಕೈ. ಇವರಿಬ್ಬರೂ ಒಂದೇ ಮನೆಯಲ್ಲಿ ಇದ್ದಿದ್ದರೆ? ಮಧ್ಯಾಹ್ನ ಮೂರೂವರೆಯಿಂದ ಸಂಜೆ ಏಳರವರೆಗೆ ಅಜ್ಜಿಯೂ ಈ ಹುಡುಗನೂ ಇಬ್ಬರೇ ಇದ್ದಿದ್ದರೆ? ಎರಡು ರಾತ್ರಿಯಲ್ಲಿ ಕತೆ ಮುಗಿಯಿತು. ಹುಡುಗ ಹುಡುಗಿಯಾದ. ಅಜ್ಜಿ ಅಜ್ಜನಾದರು. ಬೀಗದ ಕೈ ಮಾತ್ರ ಹಾಗೇ ಉಳಿಯಿತು.

ಕತೆಯನ್ನು ಅಮ್ಮನಿಗೆ ಓದಿ ಹೇಳಿದೆ. ಅಮ್ಮ ಕೊನೆವರೆಗೂ ಮಾತಾಡಲಿಲ್ಲ. ಆಮೇಲೆ, 'ಇದು ನಮ್ಮ ಅಜ್ಜಿದಲ್ವಾ?' ಅಂದರು. ಹೌದು ಅಂದೆ.

'ಎಲ್ಲ ಸರಿ, ಆದರೆ ಅದು ಮುಂಬಾಗಿಲಿನದು ಅಂತ ಬರೆದಿದ್ದೀಯಲ್ಲ, ಅದು ತಪ್ಪು. ಮುಂಬಾಗಿಲಿಗೆ ನಾವು ಯಾವತ್ತು ಬೀಗ ಹಾಕಿದ್ವಿ? ಯಾವಾಗಲೂ ಯಾರಾದರೂ ಇರ್ತಿದ್ರು. ಅದು ಕಣಜದ ಕೋಣೆದು. ಮದುವೆಯಾಗಿ ಹನ್ನೊಂದು ವರ್ಷ ಆ ಬೀಗದ ಕೈ ಅವರ ಅತ್ತೆ ಹತ್ರ ಇತ್ತು. ಅತ್ತೆ ಸಾಯೋ ಹಿಂದಿನ ದಿನ ಇವರ ಕೈಗೆ ಬಂತು.'